ಕ್ಯಾಬಿನ್ನಿನ ಸಂದಿಗೆ ತುರುಕಿದ ನಾರು

ಅಟ್ಟದ ಮೇಲೆ ಕೂತು ಕಾಯಿ ಅಲ್ಲಾಡಿಸುತ್ತಿದ್ದೆ. ಹಿಂದಿನ ವರ್ಷ ಅಟ್ಟಕ್ಕೆ ಹಾಕಿದ ಕಾಯಿ ಒಳಗೊಳಗೇ ಇಂಗಿ ಕೊಬ್ಬರಿಯಾಗಿದೆಯೋ ಇಲ್ಲವೋ ಎಂದು ನೋಡಲು ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಲೊಡಕ್ ಲೊಡಕ್ ಎಂದರೆ ಉಂಡೆ ಕರಟ ಬಿಟ್ಟಿದೆ, ಕೆಳಗಿಳಿಸಬಹುದು. ಗುಳುಗುಳು ಎಂದರೆ ಇನ್ನೂ ನೀರಿದೆ, ಅದರ ಜಾಗಕ್ಕೇ ಮತ್ತೆ ಇಡಬೇಕು. ಏನೂ ಹೇಳದಿದ್ದರೆ ಒಳಗೆ ಕೊಳೆತಿದೆ.

ಅವತ್ತು ಎಲ್ಲ ಕಾಯಿಯೂ ಒಳ್ಳೆಯದನ್ನೇ ಹೇಳುತ್ತಿದ್ದ ಹಾಗಿತ್ತು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನಮ್ಮನೆಯವರು ತಿಪಟೂರಿನಿಂದ ಎದುರು ಮನೆಗೆ ಫೋನ್ ಮಾಡಿದ್ದರು. ನಾನು ಓಡಿಹೋಗಿ ರಿಸೀವರ್ ಹಿಡಿದಾಗ ಒಂದೇ ಮಾತು ಹೇಳಿದರು, "ಪಾಸಾಯ್ತು ಕಣೇ." ಮನೆಗೆ ಬಂದು ದೇವರ ಮುಂದೆ ಒಂದು ಚಿಟಿಕೆ ಸಕ್ಕರೆ ಇಟ್ಟು ಅಟ್ಟ ಹತ್ತಿದ್ದೆ.

ಮೂರು ಗಂಟೆ ಆಗಿರಬೇಕು. ಮೈದುನನ ಮೊಪೆಡ್ ಅಂಗಳಕ್ಕೆ ಬಂತು. ಅವರಿಬ್ಬರೂ ಬೆಳಿಗ್ಗೆ ಒಟ್ಟಿಗೇ ಹೋಗಿದ್ದರು, ಅಣ್ಣ ಪಿಕಪ್ ಗಾಡಿಯಲ್ಲಿ, ತಮ್ಮ ಮೊಪೆಡ್ಡಿನಲ್ಲಿ. ಇವನೊಬ್ಬನೇ ಬಂದ. ಚಪ್ಪಲಿಯನ್ನೂ ಬಿಡದೆ ನಡುಮನೆಗೆ ಬಂದು ಏಣಿ ಹಿಡಿದುಕೊಂಡ.

"ಅತ್ಗೆ, ಇಳೀರಿ. ನಿಧಾನಕ್ಕೆ ಇಳೀರಿ."

"ಏನಾಯ್ತು?"

"ಗಾಡಿ ಹತ್ಕೊಂಡ್ಬುಡ್ತು."

"ಅವ್ರು?"

"ಅಣ್ಣ ಗಾಡೀಲಿ ಇರ್ಲಿಲ್ಲ. ಇಳಿದು ಗುಡಿಗೋಗಿತ್ತು. ಅಣ್ಣಂಗೇನೂ ಆಗಿಲ್ಲ. ಕ್ಯಾಬಿನ್ನು ಪೂರಾ ಹೋಯ್ತು."

ದೇವರು ಮಾಡಿದ ಸಣ್ಣಪುಟ್ಟ ಉಪಕಾರಗಳನ್ನು ಬೆರಳಿನ ಗೆಣ್ಣಿನ ಮೇಲೆ ಎಣಿಸುವುದು ನನಗೆ ತೌರಿನಿಂದ ಬಂದ ಅಭ್ಯಾಸ. ಏಣಿಯ ನಡುವೆ ನಿಂತಿದ್ದರೂ ಹೆಬ್ಬೆರಳು ತಾನಾಗಿ ಕಿರುಬೆರಳಿನ ಮೊದಲ ಗೆಣ್ಣಿಗೆ ಹೋಯಿತು. ಅವರಿಗೇನೂ ಆಗಿಲ್ಲ, ಒಂದು. ಎರಡನೆಯ ಗೆಣ್ಣಿಗೆ ಏನೂ ಸಿಗಲಿಲ್ಲ. ಹೆಬ್ಬೆರಳು ಅಲ್ಲೇ ನಿಂತಿತು.

ಒಂದು ಹಳೇ ಗಾಡಿ ಸುಟ್ಟರೆ ಇಷ್ಟೇಕೆ ಎನ್ನಿಸಬಹುದು. ಊಟಕ್ಕೆ ತೊಂದರೆಯಿಲ್ಲದಷ್ಟು ತೋಟ ನಮಗಿತ್ತು, ಬೋರ್‌ವೆಲ್ಲಿನಲ್ಲಿ ನೀರೂ ಇತ್ತು. ಗಾಡಿ ಹೋದರೆ ಉಪವಾಸ ಬೀಳುವವರಲ್ಲ ನಾವು. ನನ್ನ ಭಯ ಬೇರೆಯದು. ಅದನ್ನು ಹೇಳಬೇಕಾದರೆ ನಾಲ್ಕು ತಿಂಗಳು ಹಿಂದಕ್ಕೆ ಹೋಗಬೇಕು.

ನಮ್ಮೂರು ಹೊನ್ನವಳ್ಳಿಯಿಂದ ಆಚೆ. ಸುತ್ತಲಿನ ತೋಟಗಳ ಕಾಯಿ, ಕೊಬ್ಬರಿ ಮೂಟೆ, ಮದುವೆ ಮನೆಯ ಪಾತ್ರೆ, ಹೆರಿಗೆ ನೋವು ಬಂದ ಹೆಂಗಸರು, ಎಲ್ಲವನ್ನೂ ಹೊತ್ತದ್ದು ಆ ಪಿಕಪ್ಪೇ. ನಮ್ಮನೆಯವರು ಮಾತು ಕಡಿಮೆಯ ಮನುಷ್ಯ. ಗಾಡಿಯ ಬಾಗಿಲು ತೆಗೆದು ಒಳಗೆ ಕೂತರೆ ಮಾತ್ರ ಅವರಿಗೆ ಮಾತು ಬರುತ್ತಿತ್ತು. ನನಗೆ ಮದುವೆಯಾದ ಹೊಸತರಲ್ಲಿ ಗಂಡನ ಜೊತೆ ಮಾತಾಡಬೇಕು ಎನ್ನಿಸಿದರೆ ತುರುವೇಕೆರೆಗೆ ತೌರಿಗೆ ಹೋಗಬೇಕು ಎಂದು ನೆವ ತೆಗೆಯುತ್ತಿದ್ದೆ. ಅಲ್ಲಿಗೆ ಮುಟ್ಟುವಷ್ಟರಲ್ಲಿ ಒಂದು ವಾರದ ಮಾತು ಆಗುತ್ತಿತ್ತು.

ಕಾಯಿ ಹೊರುವ ಗಾಡಿಗೆ ಆಯುಸ್ಸು ಕಡಿಮೆ. ಲೋಡಿನಲ್ಲಿ ಒಂದೆರಡು ಕಾಯಿ ಒಡೆದೇ ಒಡೆಯುತ್ತವೆ, ಆ ನೀರು ಸೋರಿ ಕ್ಯಾಬಿನ್ನಿನ ಬೆನ್ನಿಗಿಳಿದು ತಳ ಸೇರುತ್ತದೆ. ಕುಡಿದವರ ಹೊಟ್ಟೆ ತಣ್ಣಗಾಗಿಸುವ ನೀರು ಕಬ್ಬಿಣವನ್ನು ಗೆದ್ದಲಿನ ಹಾಗೆ ತಿನ್ನುತ್ತದೆ. ಒಂದು ಸಲ ತೌರಿನ ಕಡೆ ಮದುವೆಗೆ ಹೋಗುವಾಗ ನನ್ನ ಕಾಲ ಕೆಳಗಿನ ತಗಡು ಮುರಿದು ಎಡಗಾಲಿನ ಚಪ್ಪಲಿ ರಸ್ತೆ ಪಾಲಾಯಿತು. ಒಂದೇ ಚಪ್ಪಲಿಯಲ್ಲಿ ಮದುವೆ ಮನೆಗೆ ಹೋದೆ. ಮೈದುನ ಊರೆಲ್ಲ ಹೇಳಿಕೊಂಡು ಬಂದ, "ನಮ್ಮಣ್ಣನ ಗಾಡಿಗೆ ಬ್ರೇಕೇ ಬೇಡ ಕಣ್ರಲಾ, ಒಳಗಿಂದ್ಲೇ ಕಾಲೂರ್ಕೊಂಡು ನಿಲ್ಲುಸ್ಬೋದು." ನಮ್ಮನೆಯವರೂ ನಕ್ಕಿದ್ದರು. ತಗಡಿನ ಮೇಲೆ ಒಂದು ಹಲಗೆ ಹಾಕಿದರು, ಅದರ ಮೇಲೆ ಗೋಣಿಚೀಲ.

ಗಾಡಿ ರಸ್ತೆಗೆ ಯೋಗ್ಯವಾಗಿದೆ ಎಂಬ ಕಾಗದ ಮಾಡಿಸಲು, ಎಫ್‌ಸಿ ಎನ್ನುತ್ತಾರಲ್ಲ, ಅದಕ್ಕೆ ಆ ವರ್ಷ ತಿಪಟೂರಿಗೆ ತೆಗೆದುಕೊಂಡು ಹೋದಾಗ ತಪಾಸಣೆಯವರು ಗೋಣಿಚೀಲ ಎತ್ತಿದರು, ಹಲಗೆ ಎತ್ತಿದರು. ಸ್ಕ್ರೂಡ್ರೈವರ್ ಒತ್ತಿದರೆ ಎಲ್ಲಿ ಒತ್ತಿದರಲ್ಲಿ ಒಳಗೆ ಹೋಯಿತಂತೆ. "ಇದು ಗಾಡಿಯಲ್ಲ ಕಣಯ್ಯ, ಜರಡಿ. ರಾಗಿ ಹಿಟ್ಟು ಸಾಣಿಸೋಕೆ ಇಟ್ಕೋ," ಎಂದರಂತೆ. ಸಾಲಿನಲ್ಲಿ ನಿಂತ ಡ್ರೈವರುಗಳೆಲ್ಲ ನಕ್ಕರಂತೆ. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಮ್ಮನೆಯವರೂ ಹಾಗೇ ಹೇಳಿದರು, "ದಿಟವೇ ಹೇಳಿದ್ರು ಬುಡು." ಅಷ್ಟು ಹೇಳಿ ಗಾಡಿಯನ್ನು ಹುಲ್ಲಿನ ಮೆದೆಯ ಪಕ್ಕ ನಿಲ್ಲಿಸಿದರು. ಒಳಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ದಣಿವು ಎಂದುಕೊಂಡೆ. ಮೂರನೆಯ ದಿನ ಜ್ವರ ಎಂದುಕೊಂಡೆ. ಮೈ ಮುಟ್ಟಿದರೆ ತಣ್ಣಗಿತ್ತು. ಕರೆದರೆ ಏಳುತ್ತಿದ್ದರು, ಊಟ ಹಾಕಿದರೆ ಎರಡು ತುತ್ತು ತಿನ್ನುತ್ತಿದ್ದರು, ಮತ್ತೆ ಗೋಡೆ. ಸ್ನಾನ ಬಿಟ್ಟರು. ಆಮೇಲೆ ಪೂಜೆ ಬಿಟ್ಟರು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಗಂಡಸು ಮೂರು ವಾರ ಅದನ್ನು ಅಂಗೈಗೆ ತೆಗೆದುಕೊಳ್ಳಲಿಲ್ಲ. ನನಗೆ ನಿಜವಾಗಿ ಹೆದರಿಕೆ ಹುಟ್ಟಿದ್ದು ಆಗ.

ಹಾಲ್ಕುರಿಕೆಯ ಮಠಕ್ಕೆ ಹೋಗಿ ವಿಭೂತಿ ತಂದು ಹಣೆಗೆ ಹಚ್ಚಿದೆ. ತಿಪಟೂರಿನ ಡಾಕ್ಟರು ಮಾತ್ರೆ ಕೊಟ್ಟು, "ಮನಸ್ಸಿನದ್ದು ಕಣಮ್ಮ, ಯಾವುದಾದ್ರೂ ಕೆಲಸಕ್ಕೆ ಹಚ್ಚಿ," ಎಂದರು. ಎದ್ದು ಕೂರದವರನ್ನು ಯಾವ ಕೆಲಸಕ್ಕೆ ಹಚ್ಚುವುದು? ಅತ್ತೆ ದೃಷ್ಟಿ ತೆಗೆದು ಮೆಣಸಿನಕಾಯಿ ಒಲೆಗೆ ಹಾಕಿದರು. ಘಾಟಿಗೆ ನಾವೆಲ್ಲ ಕೆಮ್ಮಿದೆವು, ಅವರು ಕೆಮ್ಮಲೂ ಇಲ್ಲ. "ನೀನು ಗೋಡೆ ನೋಡ್ಕಂಡಿದ್ರೆ ಗೋಡೆ ನಿಂಗೇನ್ ಹೇಳ್ತದಪ್ಪಾ?" ಎಂದು ಅತ್ತೆ ಕೇಳಿದರೆ, "ಏನೂ ಹೇಳಲ್ಲ ಕಣವ್ವ. ಅದ್ಕೇ ನೋಡ್ತಿರೋದು," ಎಂದರು. ಆ ಇಡೀ ತಿಂಗಳಲ್ಲಿ ಅವರಾಡಿದ ಅತಿ ಉದ್ದದ ಮಾತು ಅದು.

ಆ ದಿನಗಳಲ್ಲಿ ನನ್ನ ಗೆಣ್ಣಿನ ಲೆಕ್ಕ ಹೀಗಿತ್ತು: ಇವತ್ತು ಮಜ್ಜಿಗೆ ಕುಡಿದರು. ಇವತ್ತು ಮಗಳು ಸ್ಕೂಲಿನಿಂದ ಬಂದಾಗ ತಿರುಗಿ ನೋಡಿದರು. ಇವತ್ತು ಬಾವಿಯ ಕಡೆ ಹೋದರು, ಮುಖ ತೊಳೆದುಕೊಂಡು ವಾಪಸ್ಸು ಬಂದರು. ಕೊನೆಯದನ್ನು ಎರಡು ಸಲ ಎಣಿಸಿದೆ. ಯಾಕೆ ಎಂದು ಬಿಡಿಸಿ ಬರೆಯುವುದಿಲ್ಲ. ಮಾರನೆಯ ದಿನ ಮೈದುನನಿಗೆ ಹೇಳಿ ಬಾವಿಯ ಬಾಯಿಗೆ ಕಬ್ಬಿಣದ ಜಾಲರಿ ಹಾಕಿಸಿದೆ. "ಮಗು ಓಡಾಡ್ತದೆ," ಎಂದೆ. ಮಗುವಿಗೆ ಆಗ ಹನ್ನೆರಡು ವರ್ಷ.

ಅವರು ಎದ್ದದ್ದು ಮೈದುನ ತಂದ ಒಂದು ಸುದ್ದಿಯಿಂದ. ಅರಸೀಕೆರೆಯ ಕಡೆ ಗುಜರಿಯವನೊಬ್ಬನ ಹತ್ತಿರ ನಮ್ಮದೇ ಬಗೆಯ ಪಿಕಪ್ ಬಂದಿದೆ. ಅಡಿಯ ಚೌಕಟ್ಟು, ಚಾಸಿ, ಮುರಿದಿದೆ, ಇಂಜಿನ್ ಹೋಗಿದೆ, ಕ್ಯಾಬಿನ್ ಮಾತ್ರ ಗಟ್ಟಿಯಾಗಿದೆ.

"ನಮ್ದಕ್ಕೆ ಇಂಜಿನ್ ಐತೆ, ಚಾಸಿ ಐತೆ, ಕ್ಯಾಬಿನ್ ಇಲ್ಲ. ಅದ್ಕೆ ಕ್ಯಾಬಿನ್ ಒಂದೇ ಐತೆ. ಎರಡೂ ವಧೂ-ವರ ಇದ್ದಂಗವೆ ಕಣಣ್ಣ," ಎಂದ.

"ತಳ ನೋಡಿದ್ಯಾ?" ಎಂದು ಗೋಡೆಯ ಕಡೆಯಿಂದ ಕೇಳಿತು.

"ನೋಡ್ದೆ. ನಿಂತು ಕುಣಿದು ನೋಡ್ದೆ."

"ನೀನ್ ಕುಣುದ್ರೆ ಏನ್ ಗೊತ್ತಾಯ್ತದೆ, ಕಡ್ಡಿ ಇದ್ದಂಗಿದ್ದೀಯ. ನಾನೇ ನೋಡ್ಬೇಕು."

ಎದ್ದು ಕೂತರು. ನಾನು ಒಲೆಯ ಮುಂದೆ ಕೂತಿದ್ದವಳು ಸೆರಗು ಬಾಯಿಗೆ ಒತ್ತಿಕೊಂಡೆ.

ಹೊಸ ಕ್ಯಾಬಿನ್ ಟ್ರ್ಯಾಕ್ಟರಿನ ಟ್ರೈಲರಿನಲ್ಲಿ ಬಂತು. ನೀಲಿ ಬಣ್ಣ, ಬಾಗಿಲ ಮೇಲೆ ಯಾರದೋ ಮನೆದೇವರ ಹೆಸರು. ಅಳಿಸುವುದೋ ಬೇಡವೋ ಎಂದು ನಮ್ಮನೆಯವರು ತಾಯಿಯ ಮುಖ ನೋಡಿದರು. "ಯಾವ್ ದೇವ್ರಾದ್ರೇನು, ನಮ್ಮನೆಗೆ ನಡ್ಕಂಡ್ ಬಂದೈತೆ, ಇರ್ಲಿ ಬುಡು," ಎಂದರು ಅತ್ತೆ. ಅದರ ಮೇಲೆ ನಾನು ವಿಭೂತಿಯ ಮೂರು ಗೆರೆ ಎಳೆದೆ.

ಹಳೆಯದನ್ನು ಎತ್ತಿ ಹೊಸದನ್ನು ಕೂರಿಸಲು ಬೋರ್‌ವೆಲ್ ಮೋಟರ್ ಎತ್ತುವವರಿಂದ ಚೈನ್ ಪುಲ್ಲಿ ಕೇಳಿ ತಂದರು. ಅದನ್ನು ತೂಗುಹಾಕಲು ಅಂಗಳದ ಪಕ್ಕದ ಎರಡು ತೆಂಗಿನ ಮರಗಳ ನಡುವೆ ಕಬ್ಬಿಣದ ತೊಲೆ ಕಟ್ಟಬೇಕು ಎಂದಾಗ ಅತ್ತೆ ಅಡ್ಡ ಬಂದರು.

"ಫಲ ಬಿಡೋ ಮರದ ಕುತ್ಗೆಗೆ ಉರ್ಲು ಹಾಕ್ತೀರೇನ್ರೋ?"

"ಕುತ್ಗೆಗಲ್ಲ ಕಣವ್ವ, ಸೊಂಟಕ್ಕೆ. ಡಾಬು ಅಂದ್ಕೋ," ಎಂದ ಮೈದುನ.

ಕೊನೆಗೆ ಮರಕ್ಕೆ ಗೋಣಿಚೀಲ ಸುತ್ತಿ, ಅದರ ಮೇಲೆ ಚೈನ್ ಬಿಗಿದರು. ಅತ್ತೆ ಎರಡೂ ಮರಕ್ಕೆ ಕೈಮುಗಿದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಬಿಚ್ಚುವ ಕೆಲಸ ಒಂದು ವಾರ ಹಿಡಿಯಿತು. ತುಕ್ಕು ಹಿಡಿದ ಬೋಲ್ಟಿಗೆ ಸೀಮೆಎಣ್ಣೆ ಬಿಟ್ಟು ನೆನೆಯಲು ಬಿಡುವುದು, ಮಾರನೆಯ ದಿನ ತಿರುಗಿಸುವುದು. ಸ್ಟೇರಿಂಗಿನಿಂದ ಹೊರಟ ವೈರುಗಳನ್ನು ಕತ್ತರಿಸಿದಾಗ ಯಾವುದು ಯಾವುದಕ್ಕೆ ಎಂದು ಮರೆಯದಿರಲಿ ಎಂದು ಜೋಡಿ ಜೋಡಿಗೂ ಒಂದೊಂದು ಬಣ್ಣದ ರವಿಕೆ ಬಟ್ಟೆಯ ಚೂರು ಕಟ್ಟಿದೆ. ಅವರು ಅದನ್ನು ನೋಡಿ, "ಗಾಡಿಗೆ ಸೀಮಂತ ಮಾಡ್ದಂಗೈತೆ," ಎಂದರು. ಮೂರು ತಿಂಗಳಲ್ಲಿ ಮೊದಲ ತಮಾಷೆ. ನಾನು ಗೆಣ್ಣು ಎಣಿಸುವುದನ್ನೂ ಮರೆತು ನಕ್ಕೆ.

ಎತ್ತುವ ದಿನ ಊರಿನ ಏಳೆಂಟು ಗಂಡಸರು ಬಂದರು. ಚೈನ್ ಎಳೆದಂತೆ ಹಳೇ ಕ್ಯಾಬಿನ್ ಮೇಲೆದ್ದಿತು, ಅರ್ಧ ತಳ ಮಾತ್ರ ಚಾಸಿಯ ಮೇಲೇ ಉಳಿಯಿತು. ಗಾಡಿಯನ್ನು ಹಿಂದಕ್ಕೆ ತಳ್ಳಿ ಹಳೆಯದನ್ನು ನೆಲಕ್ಕಿಳಿಸಿದರು, ಅತ್ತ ಎಳೆದು ಹಾಕಿ ಹೊಸದಕ್ಕೆ ಚೈನ್ ಕಟ್ಟಿದರು. ಹೊಸದು ಗಾಳಿಯಲ್ಲಿ ತೂಗಾಡುವಾಗ ನಮ್ಮನೆಯವರು ಅದರ ಕೆಳಗೇ ನಿಂತು, "ಎಡಕ್ಕೆ... ಎಡಕ್ಕಂದ್ನಲ್ಲೋ, ಊಟ ಮಾಡೋ ಕೈ ಯಾವ್ದೋ ನಿಂದು?" ಎಂದು ಕೂಗುತ್ತಿದ್ದರು. ಅವರ ಕೂಗು ಕೇಳಿ ಅತ್ತೆ ಬಾಗಿಲು ತೆಗೆದು ಹೊರಗೆ ಬಂದರು. ನಾಲ್ಕು ಬೋಲ್ಟು ನಾಲ್ಕು ತೂತಿಗೆ ಸರಿಯಾಗಿ ಕೂತವು. ಅವತ್ತು ಎಲ್ಲರಿಗೂ ಅವರೆಕಾಳು ಸಾರು, ಮುದ್ದೆ. ನಮ್ಮನೆಯವರು ಎರಡು ಮುದ್ದೆ ಉಂಡರು.

ಇನ್ನು ಉಳಿದದ್ದು ತುಕ್ಕಿನ ಕೆಲಸ. ಹೊಸದೂ ಹಳೆಯದೇ ತಾನೆ, ಅಲ್ಲಲ್ಲಿ ಕೆಂಪಾಗಿತ್ತು. ತಂತಿಬ್ರಷ್ಷಿನಿಂದ ಉಜ್ಜಿ, ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಳಿದು, ಮೇಲೆ ಬಣ್ಣ ಹೊಡೆದರು. ಕಾಣುವ ಜಾಗಕ್ಕೆಲ್ಲ ಆಯಿತು. ಕಾಣದ ಜಾಗ ಅವರನ್ನು ಕಾಡಲು ಶುರುವಾಯಿತು. ಬಾಗಿಲುಗಳ ಕೆಳಗೆ ಉದ್ದಕ್ಕೆ ಒಂದು ಟೊಳ್ಳು ತೊಲೆಯಿರುತ್ತದೆ. ಅದರೊಳಗೆ ಕೈ ಹೋಗುವುದಿಲ್ಲ, ಬ್ರಷ್ಷು ಹೋಗುವುದಿಲ್ಲ. ನೀರು ಮಾತ್ರ ಹೋಗುತ್ತದೆ.

"ತುಕ್ಕು ಮೇಲಿಂದ ಬರಲ್ಲ ಕಣೇ. ಒಳಗಿಂದ್ಲೇ ಬರೋದು," ಎಂದು ಅಂಗಳದಲ್ಲಿ ಕೂತು ಹೇಳಿದರು. ಹೇಳುತ್ತ ಅವರ ಮುಖ ಮತ್ತೆ ಗೋಡೆ ನೋಡುವವರ ಮುಖದ ಹಾಗಾಯಿತು. ಆ ಮುಖ ಕಂಡು ಹೆದರಿ ನಾನು ಬಾಯಿ ಹಾಕಿದೆ. ಸುಮ್ಮನಿದ್ದಿದ್ದರೆ!

"ನಮ್ಮ ತೌರಲ್ಲಿ ಕಣಜದ ಹಲಗೆ ಸಂದಿಗೆ ಕರಟದೆಣ್ಣೇಲಿ ನೆನ್ಸಿದ ನಾರು ತುರುಕ್ತಿದ್ರು. ನೀರೂ ಹೋಗ್ತಿರ್ಲಿಲ್ಲ, ಗೆದ್ದಲೂ ಸೇರ್ತಿರ್ಲಿಲ್ಲ. ನಮ್ಮಜ್ಜನ ಕಾಲದ ಕಣಜ ಇನ್ನೂ ಐತೆ."

ಅವರು ನನ್ನನ್ನು ನೋಡಿದರು. ಎಷ್ಟೋ ತಿಂಗಳ ಮೇಲೆ ಸರಿಯಾಗಿ ಮುಖ ಕೊಟ್ಟು ನೋಡಿದರು. "ನಿನ್ ತಲೆ ಓಡ್ತದೆ ಕಣೇ," ಎಂದರು.

ಆ ಒಂದು ಮಾತಿಗೆ ನಾನು ಎಷ್ಟು ಕರಟ ಸುಟ್ಟೆನೋ. ತಳ ತೂತಾದ ಮಡಕೆಗೆ ಕರಟದ ಚೂರು ತುಂಬಿ, ಕೆಳಗೆ ಇನ್ನೊಂದು ಪಾತ್ರೆ ಹೂತು, ಮೇಲೆ ಬೆಂಕಿ ಹಾಕಿದರೆ ಹನಿ ಹನಿಯಾಗಿ ಕರ್ರಗಿನ ಎಣ್ಣೆ ಇಳಿಯುತ್ತದೆ. ಹುಳುಕಡ್ಡಿಗೆ ಹಚ್ಚುವ ಎಣ್ಣೆ ಅದು. ಅಷ್ಟೊಂದು ಬೇಕಾಗಿದ್ದರಿಂದ ಅದಕ್ಕೆ ಇಂಜಿನ್ನಿನ ಹಳೇ ಆಯಿಲ್ ಬೆರೆಸಿದೆವು. ಸಿಪ್ಪೆ ಕುಟ್ಟಿ ನಾರು ಬಿಡಿಸಿ ಒಂದು ರಾತ್ರಿಯಿಡೀ ನೆನೆಹಾಕಿದೆ. ಆಮೇಲೆ ಇಬ್ಬರೂ ಗಾಡಿಯ ಆ ಪಕ್ಕ ಈ ಪಕ್ಕ ಮಂಡಿಯೂರಿ ಕೂತು ತೊಲೆಯ ತೂತುಗಳಿಂದ ನಾರು ತುರುಕಿದೆವು. ನಾನು ಉಂಡೆ ಕಟ್ಟಿಕೊಡುತ್ತಿದ್ದೆ, ಅವರು ಬಿದಿರುಕಡ್ಡಿಯಿಂದ ಒಳಕ್ಕೆ ದೂಡುತ್ತಿದ್ದರು.

"ಇನ್ನೂ ಹಿಡಿಸ್ತದಾ?"

"ಹಿಡಿಸ್ತದೆ, ಕೊಡು. ನಿಮ್ಮಪ್ಪನ ಮನೆ ಕಣಜ ತುಂಬ್ದಂಗೆ ತುಂಬಾನ."

ಕೈ ಕರ್ರಗಾದದ್ದು ಎಷ್ಟು ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗಲಿಲ್ಲ. ಬೆಳಿಗ್ಗೆ ಪೂಜೆಗೆ ಕೂತು ಲಿಂಗವನ್ನು ಅಂಗೈಗೆ ತೆಗೆದುಕೊಳ್ಳಲು ಹಿಂದೆಮುಂದೆ ನೋಡಿದೆ. "ಗೇದ ಕೈಗೆ ಮೈಲಿಗೆ ಇಲ್ಲ ಬುಡವ್ವ," ಎಂದರು ಅತ್ತೆ. ತಿರುಗಿ ನೋಡಿದರೆ ನಮ್ಮನೆಯವರೂ ಸ್ನಾನ ಮಾಡಿ ಪಕ್ಕದಲ್ಲಿ ಬಂದು ಕೂತಿದ್ದರು. ಅವರ ಅಂಗೈಯೂ ನನ್ನದರಷ್ಟೇ ಕಪ್ಪು. ಎರಡು ಕಪ್ಪು ಅಂಗೈಗಳಲ್ಲಿ ಎರಡು ಲಿಂಗ. ಅವತ್ತಿನಷ್ಟು ತುಂಬಿದ ಮನಸ್ಸಿನಿಂದ ನಾನು ಹಿಂದೆಯೂ ಪೂಜೆ ಮಾಡಿರಲಿಲ್ಲ, ಮುಂದೆಯೂ ಮಾಡಲಿಲ್ಲ.

ಗಾಡಿ ಸುಟ್ಟ ದಿನ ಏಣಿಯಿಳಿದು ನಾನು ಮೊಪೆಡ್ಡಿನ ಹಿಂದೆ ಕೂತು ಹೋಗುವಾಗ ಮೈದುನ ನಡೆದದ್ದನ್ನು ಗಾಳಿಗೆ ಕೂಗಿ ಕೂಗಿ ಹೇಳಿದ. ಬೆಳಿಗ್ಗೆ ತಪಾಸಣೆಯವರು ತಳಕ್ಕೆ ಸ್ಕ್ರೂಡ್ರೈವರ್ ಒತ್ತಿದರು, ಅದು ಟಣ್ ಎಂದಿತು. "ಪರವಾಗಿಲ್ಲ ಕಣಯ್ಯ, ಎಲ್ಲಿ ಮಾಡಿಸ್ದೆ?" ಎಂದು ಕೇಳಿದರು. ಅಣ್ಣ, "ಮನೇಲೇ ಸಾಮಿ, ನಾವೇ," ಎಂದಿತು. ಒಂದೇ ಕೊರತೆ, ಡ್ರೈವರ್ ಬಾಗಿಲ ಕೆಳಗಿನ ಮೆಟ್ಟಿಲು ಸಡಿಲವಾಗಿದೆ, ಬೆಸುಗೆ ಹಾಕಿಸಿಕೊಂಡು ಬಾ ಎಂದರು. ಎದುರಿಗೇ ವೆಲ್ಡಿಂಗ್ ಅಂಗಡಿ. ಹತ್ತು ನಿಮಿಷದ ಕೆಲಸ.

"ಬೆಸ್ಗೆ ಹಾಕುವಾಗ ಒಂಚೂರು ಹೊಗೆ ಬಂತು ಅತ್ಗೆ. ಬಣ್ಣ ಸುಟ್ಟಿದ್ದು ಅಂದ ಅವ್ನು. ಮೇಲೆ ನೀರು ಹೊಯ್ದ, ನಿಂತೋಯ್ತು. ಆಮೇಲೆ ತೋರ್ಸಿದ್ಕೆ ಪಾಸ್ ಮಾಡಿದ್ರು."

ಆ ವೆಲ್ಡಿಂಗಿನವನದು ತಪ್ಪಿಲ್ಲ. ತೊಲೆಯೊಳಗೆ ಏನಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವರು ಪಾಸಾಗುವ ಸಂತೋಷದಲ್ಲಿ ಮರೆತಿದ್ದರು. ಗಾಳಿಯಲ್ಲಿ ಮೈದುನನ ಮಾತು ಕೇಳುವಾಗ ನನಗೂ ಅದು ಹೊಳೆಯಲಿಲ್ಲ.

ಗಾಡಿ ನಿಂತಿದ್ದದ್ದು ಹೊನ್ನವಳ್ಳಿ ರಸ್ತೆಯ ಪಕ್ಕ, ಬಸವಣ್ಣನ ಗುಡಿಯ ಮುಂದೆ. ಅವರು ಊಟ ಮುಗಿಸಿ, ಮಗಳಿಗೆ ಮೈಸೂರುಪಾಕು ಕಟ್ಟಿಸಿಕೊಂಡು ಹೊರಟವರು ಹರಕೆಯ ಕಾಯಿ ಒಡೆಯಲು ಅಲ್ಲಿ ಇಳಿದಿದ್ದರಂತೆ. ಮಂಗಳಾರತಿ ತೆಗೆದುಕೊಂಡು ತಿರುಗಿದರೆ ಸೀಟಿನಿಂದ ಬೆಂಕಿ ಏಳುತ್ತಿತ್ತು. ಜನ ಬಿಂದಿಗೆ ತಂದು ಹೊಯ್ದರು. ಹಿಂದಿನ ತೊಟ್ಟಿ ಉಳಿಯಿತು. ಕ್ಯಾಬಿನ್ ಉಳಿಯಲಿಲ್ಲ. ನೀಲಿ ಬಣ್ಣ ಎಲ್ಲೂ ಇರಲಿಲ್ಲ. ಬಾಗಿಲ ಮೇಲಿನ ದೇವರ ಹೆಸರಿನಲ್ಲಿ ಕೊನೆಯ ಒಂದು ಅಕ್ಷರ ಮಾತ್ರ ಕಾಣುತ್ತಿತ್ತು.

ನಮ್ಮನೆಯವರು ಗುಡಿಯ ಮೆಟ್ಟಿಲ ಮೇಲೆ ಕೂತಿದ್ದರು. ಕೈಯಲ್ಲಿ ಒಡೆದ ಕಾಯಿಯ ಒಂದು ಹೋಳು ಹಾಗೇ ಇತ್ತು. ಕೂದಲು ಸುಟ್ಟಿಲ್ಲ, ಕೈ ಸುಟ್ಟಿಲ್ಲ, ಎಲ್ಲ ನೋಡಿದೆ. ನೋಡಿ ಪಕ್ಕದಲ್ಲಿ ಕೂತೆ.

ಸುತ್ತ ನಿಂತವರು ತಮತಮಗೆ ತೋಚಿದ್ದು ಹೇಳುತ್ತಿದ್ದರು. "ಬ್ಯಾಟ್ರಿ ಇರ್ಬೇಕು ಕಣ್ಲಾ." "ಬೀಡಿ ಗೀಡಿ ಬಿಸಾಕಿದ್ನೇನೋ." "ಅವ್ನು ಬೀಡಿ ಸೇದಲ್ಲ ಕಣಪ್ಪ." "ಹಂಗಾದ್ರೆ ದೃಷ್ಟಿ."

ಬೀಡಿ ಎಂದ ಮಾತಿಗೆ ನಾನು ತಲೆಯೆತ್ತಿದೆ. ಗುಡಿಯ ಎದುರು ಒಂದು ಬೀಡಿ ಅಂಗಡಿ. ಅದರ ಕಂಬಕ್ಕೆ ತೆಂಗಿನ ನಾರಿನ ಹಗ್ಗ ಇಳಿಬಿಟ್ಟಿದ್ದರು. ಬಂದವರು ಬೀಡಿ ಹೊತ್ತಿಸಿಕೊಳ್ಳಲೆಂದು ಅದರ ತುದಿಗೆ ಬೆಳಿಗ್ಗೆ ಕಿಡಿ ಮುಟ್ಟಿಸಿರುತ್ತಾರೆ. ಉರಿಯುವುದಿಲ್ಲ, ಆರುವುದೂ ಇಲ್ಲ. ಸಂಜೆಯವರೆಗೆ ಒಳಗೊಳಗೇ ಕೆಂಪಗೆ ಮೇಲಕ್ಕೆ ಹತ್ತುತ್ತಿರುತ್ತದೆ. ಚಿಕ್ಕನಾಯಕನಹಳ್ಳಿಯಿಂದ ಇತ್ತ ಹಾಸನದವರೆಗೆ ಯಾವ ಅಂಗಡಿಗೆ ಹೋದರೂ ಈ ಹಗ್ಗ ಇರುತ್ತದೆ. ಹುಟ್ಟಿದಾಗಿನಿಂದ ನೋಡಿದ್ದೇನೆ. ನಾರಿಗೆ ಕಿಡಿ ಸೋಕಿದರೆ ಏನಾಗುತ್ತದೆ ಎಂದು ನಮ್ಮ ಕಡೆಯ ಐದು ವರ್ಷದ ಮಗುವೂ ಹೇಳುತ್ತದೆ. ಅಂಥ ನಾರನ್ನು ಎಣ್ಣೆಯಲ್ಲಿ ನೆನೆಸಿ ಗಂಡ ಕೂರುವ ಸೀಟಿನ ಕೆಳಗೆ ತುಂಬಿದವಳು ನಾನು.

ಬೆಳಿಗ್ಗೆಯ ಕಿಡಿ ತೊಲೆಯೊಳಗೆ ಮೂರು ನಾಲ್ಕು ಗಂಟೆ ಕಾದಿದೆ. ಅವರು ಅದರ ಮೇಲೆ ಕೂತು ಊರ ಕಡೆ ಬಂದಿದ್ದಾರೆ.

"ನಾರು..." ಎಂದೆ, ಅಷ್ಟೇ.

ಅವರು ನನ್ನ ಕಡೆ ತಿರುಗಿದರು. ನಾನು ನೋಡಿದ ಹಗ್ಗವನ್ನೇ ಅವರೂ ನೋಡಿದ್ದರು ಎಂದು ಆ ಕಣ್ಣಿನಲ್ಲಿ ಗೊತ್ತಾಯಿತು. ನಾನು ಬರುವುದಕ್ಕೆ ಮೊದಲೇ ನೋಡಿ, ಎಲ್ಲ ತಿಳಿದು ಕೂತಿದ್ದರು.

"ವೈರಿಂಗು," ಎಂದರು, ಸುತ್ತಲಿನವರಿಗೆಲ್ಲ ಕೇಳುವ ಹಾಗೆ ಗಟ್ಟಿಯಾಗಿ. "ವೈರು ಜೋಡ್ಸಿದ್ದು ನಾನೇ. ನಂಗ್ ಬರಲ್ಲ ಆ ಕೆಲ್ಸ. ಗೊತ್ತಿಲ್ದಿದ್ರೂ ಮಾಡ್ದೆ."

"ಮನೇಲಿ ಮಾಡೋ ಕೆಲ್ಸನೇನಯ್ಯ ಅದು?" ಎಂದ ಒಬ್ಬ. "ಮೆಕಾನಿಕ್ ಅನ್ನೋನು ಯಾತಕ್ಕವ್ನೆ?"

"ದಿಟ ಕಣಪ್ಪ," ಎಂದರು ನಮ್ಮನೆಯವರು. ಜರಡಿ ಎಂದಾಗ ಹೇಳಿದ ಅದೇ ದನಿಯಲ್ಲಿ.

ಜನರ ನಡುವೆ ನಾನು ಬಾಯಿ ಬಿಡಲಿಲ್ಲ. ಬಿಡಬೇಕಾಗಿತ್ತು. ನನ್ನದು ಕಣ್ರಪ್ಪಾ, ನಾನು ಹೇಳಿದ್ದು, ಅವರದಲ್ಲ ಎಂದು ಎದ್ದು ನಿಂತು ಹೇಳಿದ್ದರೆ ಆ ಭಾರ ಅವರ ಮೇಲಿಂದ ಇಳಿಯುತ್ತಿತ್ತೋ ಏನೋ. ಗಂಡಸರ ಗುಂಪಿನಲ್ಲಿ ಹೆಂಗಸು ಮಾತಾಡುವುದೇ ಎಂಬ ಸಂಕೋಚ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ಸಂಕೋಚವಲ್ಲ, ಹೇಡಿತನ.

ಸುಟ್ಟ ಗಾಡಿಯನ್ನು ಅಲ್ಲೇ ಬಿಟ್ಟು ಬಸ್ಸಿನಲ್ಲಿ ಮನೆಗೆ ಬಂದೆವು. ದಾರಿಯುದ್ದಕ್ಕೂ ಅವರು ಆ ಕಾಯಿ ಹೋಳು ಹಿಡಿದೇ ಇದ್ದರು. ಬಾಗಿಲಲ್ಲಿ ಅತ್ತೆ, "ನೀನು ಬಂದ್ಯಲ್ಲ ಮಗನೇ, ಅಷ್ಟೇ ಸಾಕು," ಎಂದು ಅವರ ಮುಖ ಸವರಿದರು. ಅವರು ಹೋಳನ್ನು ತಾಯಿಯ ಕೈಗೆ ಕೊಟ್ಟು, ಕಾಲು ತೊಳೆದು ಒಳಗೆ ಹೋದರು.

ನಾನು ಹಿಂದೆಯೇ ಹೋದೆ. ಅವರು ಚಾಪೆಯ ಮೇಲೆ ಕೂತಿದ್ದರು, ಇನ್ನೂ ಮಲಗಿರಲಿಲ್ಲ. ಇಲ್ಲಿ ಯಾರೂ ಇಲ್ಲ, ಹೇಳಿಬಿಡಬೇಕು ಎಂದುಕೊಂಡೆ.

"ವೈರಿಂಗಲ್ಲ ಕಣ್ರೀ. ನಾರು. ನಾನ್ ಹೇಳಿದ್ದು."

"ವೈರಿಂಗು," ಎಂದರು.

"ನಿಮ್ಗೂ ಗೊತ್ತು."

"ನಿನ್ ತಲೆ ಚೆನ್ನಾಗೇ ಓಡಿತ್ತು ಕಣೇ. ನಂದು ಓಡ್ಲಿಲ್ಲ. ಬೆಸ್ಗೆಯವ್ನಿಗೆ ಒಂದ್ ಮಾತು ಹೇಳ್ಬೇಕಿತ್ತು." ದಿಂಬು ಹತ್ತಿರಕ್ಕೆ ಎಳೆದುಕೊಂಡರು. "ಹೋಗು, ದೀಪ ಹಚ್ಚೋ ಹೊತ್ತಾಯ್ತು."

ಹೇಳಿ ಗೋಡೆಯ ಕಡೆ ತಿರುಗಿ ಮಲಗಿದರು. ಬೆನ್ನ ಮೇಲೆ ಕೈಯಿಟ್ಟೆ. ಬೇಡ ಎನ್ನಲಿಲ್ಲ, ತಿರುಗಲೂ ಇಲ್ಲ.

ಅವರು ಪೂರ್ತಿ ಏಳಲೇ ಇಲ್ಲ ಎನ್ನಲಾರೆ. ಕೆಲವು ತಿಂಗಳ ಮೇಲೆ ತೋಟಕ್ಕೆ ಹೋಗಿಬರುವಷ್ಟಾದರು. ಪೂಜೆಗೆ ಕೂರುತ್ತಿದ್ದರು. ಆದರೆ ಸ್ಟೇರಿಂಗ್ ಮತ್ತೆ ಹಿಡಿಯಲಿಲ್ಲ. ತೌರಿಗೆ ನಾನು ಬಸ್ಸಿನಲ್ಲಿ ಹೋದೆ, ಅವರು ಪಕ್ಕದಲ್ಲಿ ಕೂತು ಕಿಟಕಿ ನೋಡುತ್ತಿದ್ದರು. ತುರುವೇಕೆರೆಯವರೆಗೂ ಒಂದು ಮಾತಿಲ್ಲ. ಬದುಕಿದ್ದಾರೆ, ಕಣ್ಣೆದುರಿಗಿದ್ದಾರೆ ಎಂದು ಗೆಣ್ಣಿನ ಮೇಲೆ ಎಣಿಸಿಕೊಳ್ಳುತ್ತಿದ್ದೆ. ದೇವರು ಕೊಟ್ಟದ್ದು ಸಣ್ಣದಲ್ಲ. ಕೊಟ್ಟದ್ದನ್ನು ಕಸಿದವಳು ನಾನಾಗಿರುವಾಗ ಆ ಲೆಕ್ಕ ಯಾವತ್ತೂ ಸರಿಹೋಗಲಿಲ್ಲ.

ಗಾಡಿ ಸುಟ್ಟ ದಿನ ಸಂಜೆ ದೀಪ ಹಚ್ಚಿದೆ. ಬೆಳಿಗ್ಗೆ ಇಟ್ಟ ಸಕ್ಕರೆಗೆ ಇರುವೆ ಮುತ್ತಿತ್ತು, ಇರುವೆಯ ಪಾಲು ಎಂದು ಹಾಗೇ ಬಿಟ್ಟೆ. ಅಟ್ಟದ ಮೇಲೆ ಅರ್ಧಕ್ಕೆ ಬಿಟ್ಟ ಕಾಯಿಗಳಿದ್ದವು, ಹತ್ತಲು ಕಾಲು ಬರಲಿಲ್ಲ. ಮಗಳು ಹಿತ್ತಲ ಬಾಗಿಲಲ್ಲಿ ನಿಂತು, "ಅವ್ವ, ಪಾತ್ರೆ ಬಿದ್ದವೆ," ಎಂದಳು. ಮಧ್ಯಾಹ್ನದ ಪಾತ್ರೆ ಬಿಸಿಲಿಗೆ ಒಣಗಿ ಮುದ್ದೆ ಅಂಟಿಕೊಂಡಿತ್ತು. ಹಿತ್ತಲಿನ ಕಲ್ಲಿನ ಮುಂದೆ ಕೂತು ಬೂದಿಯ ಚಿಪ್ಪು ಹತ್ತಿರಕ್ಕೆ ಎಳೆದುಕೊಂಡೆ. ಗೋಡೆಯ ಗೂಡಿನಲ್ಲಿ ನಾರಿತ್ತು. ಕೈ ಒಂದು ಗಳಿಗೆ ಹಿಂದಕ್ಕೆ ಬಂತು. ನಾರು ಬಿಟ್ಟರೆ ನಮ್ಮ ಕಡೆ ಪಾತ್ರೆ ತಿಕ್ಕಲು ಬೇರೆ ಏನಿದೆ? ಒಂದು ಹಿಡಿ ಕಿತ್ತು, ನೀರಿಗದ್ದಿ, ಬೂದಿಗೆ ಒತ್ತಿ, ಮುದ್ದೆಯ ಪಾತ್ರೆ ಮೊದಲು ತೆಗೆದುಕೊಂಡೆ.